ಜಾನಪದವೆಂದು ನಾನು ಬರೆದ ಹಾಡು

ಆ ಗಾಯಕರಿಗೆ ಹಾಡಿನ ಸಾಲುಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ವೇದಿಕೆಯ ಮೇಲೆ ಅವರ ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ಕೂತು, ಪ್ರತಿ ಸಾಲಿನ ಮೊದಲ ಪದವನ್ನು ಮೆಲ್ಲಗೆ ಒದಗಿಸುವುದು ನನ್ನ ಕೆಲಸ. ಯಾದಗಿರಿಯಿಂದ ಸುರಪುರದವರೆಗೆ ಅವರ ದನಿ ಕೇಳಿಸದ ಟಂಟಂ ಆಟೋ ಇರಲಿಲ್ಲ. ಎರಡು ವರ್ಷ ಆ ಬೆನ್ನನ್ನೇ ನೋಡುತ್ತ ಕೂತವಳಿಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಅವರಿಗೂ. ಹೆಣ್ಣು ಕೇಳಲು ನಮ್ಮ ಮನೆಗೆ ಹಿರಿಯರನ್ನು ಕಳಿಸುವ ಮಾತಾಗಿತ್ತು.

ಅಷ್ಟರಲ್ಲಿ ದೇವಾಪುರದ ಹಾಡು ನಡುವೆ ಬಂತು.

ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಅಲ್ಲಿನ ಮುದುಕಿಯೊಬ್ಬಳು ಬದುವಿನ ಮೇಲೆ ಕೂತು ನನಗೆ ಹಾಡಿದ್ದಳು: "ಮೆಣಸಿನಕಾಯಿ ಕೆಂಪಾಗ್ಯಾವ, ಮಗಳು ಬರೂ ಹಾದ್ಯಾಗ ಹುಲ್ಲ ಬೆಳದಾವ." ಗಂಡನ ಮನೆ ಸೇರಿ ಮತ್ತೆ ತವರಿಗೆ ಬಾರದ ಮಗಳ ಮೇಲೆ ತಾನೇ ಕಟ್ಟಿದ ಹಾಡೆಂದೂ ಹೇಳಿದ್ದಳು. ನಾನು ಕನ್ನಡ ಎಂ.ಎ. ಓದಿದವಳು. ತರಗತಿಯಲ್ಲಿ ರೂಢಿಯಾಗಿದ್ದಂತೆ ಹಾಡಿನ ತಲೆಯ ಮೇಲೆ 'ಜಾನಪದ' ಎಂದಷ್ಟೇ ಬರೆದೆ. ಕೂಲಿ ಹೆಂಗಸಿನ ಹಾಡಿಗೆ ಒಡತಿಯೇ ಇಲ್ಲವೆಂದು ಮೊದಲ ತೀರ್ಪು ಕೊಟ್ಟದ್ದು ನನ್ನ ಪೆನ್ನು. ಆಮೇಲೆ ನನ್ನ ನೋಟ್‌ಬುಕ್ಕಿನಿಂದ ಆ ಹಾಡು ಗಾಯಕರ ದನಿಯಲ್ಲಿ ಧ್ವನಿಮುದ್ರಣವಾಗಿ ಹೊರಬಂದಾಗ 'ರಚನೆ' ಎಂಬಲ್ಲಿ ಅವರದೇ ಹೆಸರಿತ್ತು.

"ಆಕಿ ಹೆಸರು ಯಾಕಿಲ್ರಿ?" ಎಂದು ಕೇಳಿದೆ.

"ಜಾನಪದ ಅಂತ ಬರದಾಕಿ ನೀನ. ಯಾರದೂ ಅಲ್ಲದ್ದು ನಂದಾದ್ರ ಏನಾತು?" ಎಂದು ನಕ್ಕರು. ಆ ನಗು ನನಗೆ ಇಷ್ಟವಾಗುತ್ತಿತ್ತು. ಅದಕ್ಕೆ ಸೋತುಬಿಡುವ ಭಯವೂ ಇತ್ತು.

"ಶಹಾಪುರದ ಕಾರ್ಯಕ್ರಮಕ್ಕ ಆಕಿನ್ನ ಕರಕೊಂಡು ಬರ್ತೀನಿ. ಹಾಡು ಆಕೀದು ಅಂತ ಮಂದಿ ಮುಂದ ಹೇಳ್ರಿ. ಇಲ್ಲಂದ್ರ ನಮ್ಮ ಮನಿಗೆ ಯಾರನ್ನೂ ಕಳಸಬ್ಯಾಡ್ರಿ."

"ಹೇಳ್ತೀನಿ ತಗೋರಿ, ಜಡ್ಜ್ ಸಾಹೇಬ್ರ."

ಕಾರ್ಯಕ್ರಮದ ಬೆಳಿಗ್ಗೆ ಮುದುಕಿ ಮೊದಲ ಸಾಲಿನಲ್ಲಿ ಕೂತಿದ್ದಳು. ನಾನು ಎಂದಿನಂತೆ ಅವರ ಬೆನ್ನ ಹಿಂದೆ ನೋಟ್‌ಬುಕ್ ತೆರೆದು ಕೂತೆ. ಅವಳ ಹಾಡಿನ ಸರದಿ ಬಂದಾಗ ಗಾಯಕರು ಏನನ್ನೂ ಹೇಳದೆ ಹಾಡತೊಡಗಿದರು. ಮೊದಲ ನುಡಿ ಮುಗಿದು, ಮುಂದಿನ ಪದಕ್ಕಾಗಿ ಬೆನ್ನು ತುಸು ಹಿಂದಕ್ಕೆ ಬಾಗಿತು. ನಾನು ಪದ ಕೊಡಲಿಲ್ಲ.

"ಹೇಳು," ಎಂದು ಪಿಸುಗುಟ್ಟಿದರು.

"ನೀವು ಹೇಳ್ರಿ."

ಹಾರ್ಮೋನಿಯಂ ಅದೇ ಸಾಲನ್ನು ಮೂರು ಸಲ ಸುತ್ತಿತು. ಮುದುಕಿಗೆ ಕನಿಕರ ಬಂದಿರಬೇಕು.

"ಮರತಿಯೇನೋ ತಮ್ಮಾ?" ಎನ್ನುತ್ತ ಎದ್ದು ಎರಡನೇ ನುಡಿಯನ್ನು ತಾನೇ ಹಾಡಿದಳು. ಮೈಕಿಲ್ಲದ ಆ ದನಿ ಕೊನೆಯ ಸಾಲಿನವರೆಗೂ ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಗಾಯಕರು ಕೈಮುಗಿದರು. ಈಗ ಹೇಳುತ್ತಾರೆ ಎಂದುಕೊಂಡೆ.

"ನೋಡ್ರಿ, ದೇವಾಪುರದ ಆಯಿಗೂ ನನ್ನ ಹಾಡು ಬಾಯಿಪಾಠ ಆಗ್ಯದ," ಎಂದರು.

ನಾನು ಹಾರ್ಮೋನಿಯಂ ಎದುರಿನ ಮೈಕ್ ಎತ್ತಿಕೊಂಡೆ. "ಈ ಹಾಡು ಆಯೀದು. ಜಾನಪದ ಅಂತ ಬರದಾಕಿ ನಾನು, ಆ ತಪ್ಪು ನಂದು. ತಮ್ಮದು ಅಂತ ಹೆಸರು ಹಾಕ್ಕೊಂಡವರು ಇವರು. ಅದಕ್ಕ ಇವರು ಉತ್ತರ ಕೊಡಬೇಕು."

ಸಂಘಟಕರು ಮೈಕ್ ಬಂದ್ ಮಾಡಿ ಮುದುಕಿಯನ್ನೂ ನನ್ನನ್ನೂ ಹೊರಗೆ ಕಳಿಸಿದರು. ಗಾಯಕರು ನಮ್ಮತ್ತ ತಿರುಗಿ ನೋಡಲಿಲ್ಲ.

ನಮ್ಮ ಮದುವೆಯ ಮಾತು ಗೊತ್ತಿದ್ದ ಮುದುಕಿ ಬಸ್ ನಿಲ್ದಾಣದಲ್ಲಿ ಕೇಳಿದಳು: "ಆತನ್ನ ಬಿಟ್ಟಂಗ ಏನು?"

"ಹ್ಞೂಂ, ಆಯಿ."

"ಅದು ನಿನ್ನ ಪಾಡು. ಆದ್ರ ಅಲ್ಲಿ ಅವಸರ ಮಾಡಿದಿ. ಹಾಡು ನಂದು. ಆತನ್ನ ಕೇಳಾಕಿ ನಾ ಅಲ್ಲೇನು?"

ದೇವಾಪುರದ ಬಸ್ಸು ಬಂತು. ಆಕೆ ಹತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕಾರ್ಯಕ್ರಮದ ಸಭಾಭವನದ ಕಡೆ ನಡೆದಳು. ನಾನು ಬಾಯಿ ಮುಚ್ಚಿಕೊಂಡು ಹಿಂಬಾಲಿಸಿದೆ.