ಓದದೆ ಸಹಿ ಹಾಕದ ಮಿಸ್ಸು

ಬೆಳಗಿನ ಏಳು ಗಂಟೆ. ಕೊಳ್ಳೇಗಾಲದ ಮೊದಲ ಬಸ್ಸಿನಿಂದ ಇಳಿದ ಗುರುಬಸಮ್ಮ, ಸುತ್ತಿದ ಚಾರ್ಟನ್ನು ಕಂಕುಳಲ್ಲಿಟ್ಟುಕೊಂಡು ಹನೂರು ನಿಲ್ದಾಣದಲ್ಲಿ ಲೊಕ್ಕನಹಳ್ಳಿ ಕಡೆಯ ಬಸ್ಸಿಗೆ ಕಾಯುತ್ತಿದ್ದಾರೆ. ಚಾರ್ಟಿನಲ್ಲಿ ಸಂವಿಧಾನದ ಪೀಠಿಕೆ ಇದೆ, ಅವರದೇ ಕೈಬರಹ. ರೇಷ್ಮೆ ನೇಯುವ ಮನೆಯ ಈ ಮಗಳು ಕಾಡಂಚಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷದಿಂದ ಅತಿಥಿ ಶಿಕ್ಷಕಿ. ಮೂರು ತರಗತಿ, ತೊಂಬತ್ತನಾಲ್ಕು ಮಕ್ಕಳು, ಪ್ರತಿ ಜೂನ್‌ಗೆ ಹೊಸ ಅರ್ಜಿ. ಒಂಬತ್ತು ವರ್ಷದ ಅತಿಥಿ! ಅಷ್ಟು ದಿನ ಉಳಿದ ನೆಂಟರನ್ನು ಯಾರಾದರೂ ಮನೆಯವರೇ ಅನ್ನುತ್ತಾರೆ.

ಪೀಠಿಕೆ ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವವರಲ್ಲ ಇವರು. ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯನ್ನು ಪಂಚಾಯಿತಿಗೆ ಕರೆದೊಯ್ದು, ಸಭೆಯ ನಡವಳಿ ಪುಸ್ತಕ ಕೇಳಿ ಓದಿಸುತ್ತಾರೆ. "ಯಾರೋ ಬರ್ದಿದ್ಕೆ ಓದ್ದೆ ಸೈನ್ ಆಕ್ಬ್ಯಾಡಿ ಅನ್ನೋದೇ ನನ್ ಮೊದಲ್ನೇ ಪಾಠ ಸಾ," ಅನ್ನುತ್ತಾರೆ.

ಈ ಫೆಬ್ರವರಿಯಲ್ಲಿ ಆ ಪುಸ್ತಕದೊಳಗೆ ಮಕ್ಕಳಿಗೆ ತಮ್ಮದೇ ಫೋಟೊ ಸಿಕ್ಕಿತು. ಸಂವಿಧಾನ ದಿನದಂದು ಶಾಲೆಯಂಗಳದಲ್ಲಿ ಕೂತು ಪೀಠಿಕೆ ಓದಿದ ಫೋಟೊ. ಕೆಳಗೆ, "ಮಕ್ಕಳ ಗ್ರಾಮಸಭೆ ನಡೆಯಿತು. ಬೇಡಿಕೆಗಳಿಲ್ಲ." ಪಂಚಾಯಿತಿ ಮುಂದೆ ಮಕ್ಕಳೇ ಬೇಡಿಕೆ ಇಡುವ ಸಭೆ ಅದು. ನಡೆಯದ ಆ ಸಭೆಗೆ ಮಕ್ಕಳ ಹೆಸರಲ್ಲಿ ಮೂವತ್ತೆರಡು ಸಹಿ! ಹೆಣ್ಣುಮಕ್ಕಳ ಶೌಚಾಲಯಕ್ಕೆ ವರ್ಷದಿಂದ ಬಾಗಿಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ದುಪ್ಪಟ್ಟ ಹಿಡಿದು ನಿಲ್ಲಬೇಕು. ಬೇಡಿಕೆ ಇಲ್ಲವಂತೆ. "ಇದು ನನ್ ಸೈನ್ ಅಲ್ಲ ಮಿಸ್, ನಾನ್ ಇಂಗೆ ಆಕಲ್ಲ," ಅಂದಳು ಒಂಬತ್ತನೇ ತರಗತಿಯ ಶೃತಿ. ಅಂದೇ ಮಕ್ಕಳು ಕೂತು ತಾಲ್ಲೂಕು ಕಚೇರಿಗೆ ದೂರು ಬರೆದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ದೂರಿನಲ್ಲಿ ಯಾರ ಹೆಸರೂ ಇಲ್ಲದಿದ್ದರೂ ಪಂಚಾಯಿತಿಯವರೊಬ್ಬರು ಶಾಲೆಗೆ ಓಡಿ ಬಂದರು. ಕೈಯಲ್ಲಿ ಟೈಪು ಮಾಡಿದ ಕ್ಷಮಾಪಣೆ ಪತ್ರ: "ದೂರು ಸುಳ್ಳು. ಮಕ್ಕಳಿಂದ ನಾನೇ ಬರೆಸಿದೆ." ಮಿಸ್ಸು ಸಹಿ ಹಾಕಬೇಕು, ಇಲ್ಲವಾದರೆ ಜೂನ್‌ನಲ್ಲಿ ಕೆಲಸ ಸಿಗದು ಎಂದರು. ಸುಳ್ಳು ಬರೆದವರ ಕುರ್ಚಿ ಅಲುಗಲಿಲ್ಲ, ಓದಲು ಕಲಿಸಿದವರ ಅನ್ನಕ್ಕೆ ಕುತ್ತು. ನಮಗೆ ನಾಚಿಕೆಯಾಗಬೇಕು.

ಗುರುಬಸಮ್ಮ ಪತ್ರವನ್ನು ಪೂರ್ತಿ ಓದಿದರು. ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದು 'ದೂರು ಸುಳ್ಳು' ಎಂಬಲ್ಲಿ ಗೆರೆ ಎಳೆದರು. ಅಂಚಿನಲ್ಲಿ "ತಪ್ಪು. ಮತ್ತೆ ಬರೆದು ತನ್ನಿ" ಎಂದು ಬರೆದು ವಾಪಸು ಕೊಟ್ಟರು.

ಬಸ್ಸು ಬರುತ್ತದೆ. ಜೂನ್ ಬಗ್ಗೆ ಕೇಳಿದರೆ ಅವರು ಚಾರ್ಟು ಸರಿಪಡಿಸಿಕೊಳ್ಳುತ್ತಾರೆ. "ಕೆಲ್ಸ ಓಯ್ತದೆ ಅಂತ್ಲೇ ಅಂದ್ಕಳಿ ಸಾ. ಆ ಐಕ್ಳ ಸಭೆ ಒಂದ್ಸಲ ನಿಜ್ವಾಗ್ಲೂ ನಡೀಲಿ. ನಾನು ಇಂದ್ಗಡೆ ನಿಂತ್ಕಂಡು ನೋಡ್ತೀನಿ. ಶೃತಿ ಎದ್ದು ಬಾಗ್ಲು ಕೇಳ್ಬೇಕು. ಆಗ ಬುಕ್ನಲ್ಲಿರೋ ಸೈನು ಅವಳ್ದೇ ಆಗಿರ್ತದೆ."