ಮರಿ ಕೊಡುವ ಮೊದಲು ಮನೆ ನೋಡಿದವರು

ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಬಾಳಿದ ಅಲ್ಸೇಷನ್ ನಾಯಿಯ ಕಥೆ ಹೇಳು ಅಂತ ಮೊಮ್ಮಕ್ಕಳು ಪೀಡಿಸಿದಾಗಲೆಲ್ಲ ನಾನು ಹೇಳುವುದು ಅದು ಮನೆಗೆ ಬರುವ ಮುಂಚಿನ ಕಥೆಯನ್ನೇ. ಅದು ಕಳ್ಳನ ಪಂಚೆ ಕಚ್ಚಿ ಹಿಡಿದದ್ದು ಅವರಿಗೆ ಬೇಕು. ನನಗೆ ಮುಖ್ಯವಾದದ್ದು ಇದು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹಳೇಕೋಟೆ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮನೆ ಊರಾಚೆ, ನಮ್ಮ ದಲಿತರ ಕೇರಿಯಲ್ಲಿ. ಕೇರಿಯಿಂದ ಓದಿ ನೌಕರಿ ಹಿಡಿದವರಲ್ಲಿ ನಾನೇ ಮೊದಲಿಗ. ಹಾಗಾಗಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಸನದ ಹಾಸ್ಟೆಲಿನಲ್ಲಿದ್ದಾಗ ದಾರಿಯಲ್ಲಿದ್ದ ಡಾಕ್ಟರ ಬಂಗಲೆಯ ಗೇಟಿನಲ್ಲಿ ಒಂದು ಅಲ್ಸೇಷನ್ ಕೂತು ನಾನು ಹೋಗುವುದನ್ನೇ ನೋಡುತ್ತಿತ್ತು. ಒಂದು ದಿನವೂ ಬೊಗಳಲಿಲ್ಲ. ಅಂಥದ್ದೊಂದು ಸಾಕಬೇಕು ಅನ್ನುವ ಹುಚ್ಚು ಹಿಡಿದದ್ದು ಆಗಲೇ. ಇದನ್ನು ಹೇಳಿದರೆ ನನ್ನ ಹೆಂಡತಿ, ಕೇರಿಯಲ್ಲಿ ಇರೋ ನಾಯಿಗಳಿಗೇ ಹಿಟ್ಟಿಲ್ಲ, ಇನ್ನು ನಿನ್ನ ಜಾತಿ ನಾಯಿಗೆ ಎಲ್ಲಿಂದ ತರೋದು ಅಂತ ರೇಗಿಸುತ್ತಿದ್ದಳು.

ಮೊದಲ ಸಲ ನಾನು ಮೋಸ ಹೋದದ್ದು ಚನ್ನರಾಯಪಟ್ಟಣದ ಸಂತೆಯಲ್ಲಿ. ಒಬ್ಬ ಬುಟ್ಟಿಯಲ್ಲಿ ಮರಿ ಇಟ್ಟುಕೊಂಡು, ಅಸಲಿ ಅಲ್ಸೇಷನ್ ಅನ್ನುತ್ತಿದ್ದ. ಇದರ ತಾಯಿ ಎಲ್ಲಿ, ಎಷ್ಟು ದಿನದ ಮರಿ ಅಂತ ನಾನು ಕೇಳಲಿಲ್ಲ. ಉಗುರು ಎಣಿಸಿದೆ! ಇಪ್ಪತ್ತು ಉಗುರಿನ ನಾಯಿ ಹುಲಿಗೂ ಹೆದರಲ್ಲ ಅಂತ ನಮ್ಮ ಕಡೆ ನಂಬಿಕೆ. ಸರಿಯಾಗಿ ಇಪ್ಪತ್ತು ಇದ್ದವು. ಹಲ್ಲು ಮಾತ್ರ ಒಂದೂ ಬಂದಿರಲಿಲ್ಲ. ನನ್ನ ಹೆಂಡತಿ ಮೇಕೆಯ ಹಾಲಿನಲ್ಲಿ ಬತ್ತಿ ಅದ್ದಿ ಅದ್ದಿ ಬಾಯಿಗಿಟ್ಟಳು, ಸೆರಗಿನಲ್ಲಿ ಸುತ್ತಿ ಮಲಗಿಸಿಕೊಂಡಳು. ಒಂಬತ್ತನೆಯ ದಿನ ಅದು ಸತ್ತಿತು. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಹೊಳೆನರಸೀಪುರದ ದನದಾಸ್ಪತ್ರೆಯ ಕಾಂಪೌಂಡರು ನನ್ನ ಗೋಳು ಕೇಳಿ ನಕ್ಕುಬಿಟ್ಟರು. ಹಿರೀಸಾವೆಯಲ್ಲಿ ಮಿಲಿಟರಿಯಿಂದ ಬಂದ ಒಬ್ಬ ಗೌಡರಿದ್ದಾರೆ, ತಾಯಿಯನ್ನು ತೋರಿಸದೆ ಮರಿ ಕೊಡಲ್ಲ, ಎರಡು ತಿಂಗಳು ತುಂಬದೆ ಹಾಲು ಬಿಡಿಸಲ್ಲ, ಹೆಣ್ಣು ಕೊಡೋರ ಥರ ಬಂದು ಮನೆ ನೋಡ್ತಾರೆ ಅಂದರು. ಅರಕಲಗೂಡಿನ ಒಬ್ಬ ದೊಡ್ಡ ಜಮೀನ್ದಾರರ ಮನೆಗೆ ಹೋಗಿ, ನಾಯಿಗೆ ನೆರಳಿಲ್ಲದ ನಿಮ್ಮ ಅಂಗಳಕ್ಕೆ ಕೊಡಲ್ಲ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಬಂದಿದ್ದರಂತೆ.

ಒಂದು ಭಾನುವಾರ ಹೋದೆ. ರಸ್ತೆ ಬದಿಯ ಹೋಟೆಲುಗಳ ಹಿಂದೆ ಅವರ ತೋಟ. ಬಿಳಿ ಮೀಸೆಯ, ನೆಟ್ಟಗೆ ನಿಲ್ಲುವ ಮನುಷ್ಯ. ತಾಯಿ ನಾಯಿ ನನ್ನ ಕೈ ಮೂಸುವಾಗ ಅವರು ನನ್ನನ್ನು ನೋಡಲಿಲ್ಲ, ಅದನ್ನೇ ನೋಡುತ್ತಿದ್ದರು. ಆರು ವಾರದ ಮರಿಗಳು. ಒಂದು ಬಂದು ನನ್ನ ಚಪ್ಪಲಿಯ ಮೇಲೆ ಮಲಗಿತು. ಸತ್ತ ಮರಿಯ ವಿಷಯ ಮುಚ್ಚಿಡದೆ ಹೇಳಿದೆ. ಏನು ತಿನ್ನಿಸ್ತೀರಿ, ಎಲ್ಲಿ ಮಲಗಿಸ್ತೀರಿ ಅಂತ ಕೇಳಿದರು. ಕೊನೆಗೆ ಮನೆ ಎಲ್ಲಿ ಅಂದರು. ಊರ ಹೆಸರು ಹೇಳಿ, ಕೇರಿ ಅಂದೆ. ಅವರು ನನ್ನಿಂದ ಮುಖ ತಿರುಗಿಸಿ ಮರಿಗಳ ಕಡೆ ನೋಡಿದರು.

"ನಿಮ್ಮನೆ ನೋಡಾದೇನ್ ಬ್ಯಾಡ ಬುಡಿ ಮೇಷ್ಟ್ರೆ. ಎಲ್ಡು ತಿಂಗ್ಳು ತುಂಬ್ಲಿ, ಬಂದು ತಗೊಂಡೋಗಿ."

ಕೆನ್ನೆಗೆ ಹೊಡೆದ ಹಾಗಾಯಿತು. ಅದು ಕನಿಕರವೋ, ಕೇರಿಗೆ ಕಾಲಿಡಲು ಹಿಂಜರಿಕೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮರಿಯನ್ನು ಎತ್ತಿ ತಾಯಿಯ ಪಕ್ಕಕ್ಕೆ ಬಿಟ್ಟೆ.

"ಎಲ್ರ ಮನೇನೂ ನೋಡ್ತೀರಂತೆ ಸಾ. ನಮ್ಮನೇನೂ ನೋಡಿ. ಸರಿಯಿಲ್ದಿದ್ರೆ ಕೊಡಬ್ಯಾಡಿ. ನೋಡ್ದೆ ಕೊಟ್ರೆ ನಂಗ್ ಬ್ಯಾಡ."

ಅಷ್ಟು ಹೇಳಿ ಬಸ್ಸು ಹತ್ತಿದೆ. ಚನ್ನರಾಯಪಟ್ಟಣ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಆ ಮರಿಯ ಬಿಸುಪು ಇನ್ನೂ ಪಾದದ ಮೇಲಿತ್ತು. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ನಿನ್ನ ಸಿಟ್ಟನ್ನೇ ಸಾಕಿಕೋ, ಅದಕ್ಕೆ ಹಿಟ್ಟೂ ಬೇಡ ಅಂದಳು.

ಎರಡು ಭಾನುವಾರ ಕಳೆದ ಮೇಲೆ ಗೌಡರು ಬಂದರು. ಕಂಕುಳಲ್ಲಿ ಕೊಡೆ, ಕಾಲಲ್ಲಿ ಬೂಟು. ಊರಿನ ಅರಳಿಕಟ್ಟೆಯವರ ಹತ್ತಿರ ದಾರಿ ಕೇಳಿಕೊಂಡು, ಅವರೆಲ್ಲ ನೋಡುತ್ತಿದ್ದಂತೆ ನೇರ ಕೇರಿಗೆ ನಡೆದು ಬಂದಿದ್ದರು. ಅವತ್ತಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ನೀರು ಕುಡಿದರಾ ಅಂತ ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ನನಗೆ ನೆನಪಿಲ್ಲ. ನೆನಪಿರುವುದು ಅವರು ಬಗ್ಗಿ, ಮರಿ ಮಲಗಿಸಲು ನಾನು ತೋರಿಸಿದ ಮೂಲೆಯ ನೆಲಕ್ಕೆ ಅಂಗೈ ಒತ್ತಿ ಹಿಡಿದದ್ದು. ಹಿತ್ತಿಲಿಗೆ ಹೋಗಿ ತಿಪ್ಪೆಗುಂಡಿ ಇಣುಕಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು.

"ಇವ್ರು ಇಸ್ಕೂಲ್ಗೆ ಹೋದ್ರೆ ನೋಡ್ಕಳೋಳು ನೀನು. ನಿಂಗೆ ಬೇಕೇನವ್ವ ನಾಯಿ?"

ಈ ಪ್ರಶ್ನೆಯನ್ನು ನಾನು ಅವಳಿಗೆ ಒಂದು ಸಲವೂ ಕೇಳಿರಲಿಲ್ಲ. ಅವಳು ತಲೆ ತಗ್ಗಿಸಿ, "ಮೊದ್ಲು ಬ್ಯಾಡಾಗಿತ್ತು ಬುದ್ಧಿ. ಆ ಮರಿ ಸತ್ತೋದ್ ಮ್ಯಾಕೆ ಬೇಕು ಅನ್ಸೈತೆ" ಅಂದಳು.

ಅವರು ತಲೆಯಾಡಿಸಿ ನನ್ನ ಮೇಲೆ ತಿರುಗಿಬಿದ್ದರು. "ನೆಲ ತ್ಯಾವ, ಮರಿಗೆ ಶೀತ ಆಯ್ತದೆ. ಗುಂಡಿಗೆ ಬೇಲಿ ಇಲ್ಲ. ಮಕ್ಳಿಗೆ ಪಾಠ ಹೇಳ್ತೀರಲ್ರಿ, ಇಷ್ಟೂ ಗೊತ್ತಾಗಾಕಿಲ್ವ? ಇವತ್ತು ಕೊಡಾಕಿಲ್ಲ. ಎಲ್ಲ ಸರಿ ಮಾಡಿ ಹೇಳ್ಕಳ್ಸಿ, ಇನ್ನೊಂದ್ ದಪ ಬಂದು ನೋಡ್ತೀನಿ." ಕೇರಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಜನರ ಮುಂದೆ ಬೈದು, ಕೊಡೆ ಬಿಚ್ಚಿಕೊಂಡು ಹೊರಟರು.

ಅವರು ಮರೆಯಾದ ಕೂಡಲೇ ಮಚ್ಚು ಹಿಡಿದು ಹಿತ್ತಿಲಿಗೆ ಹೋದೆ. ನಾಲ್ಕು ಗೂಟ ಕೆತ್ತುವಷ್ಟರಲ್ಲಿ ಕಣ್ಣು ಮಂಜಾಯಿತು. ಕೇರಿಯವನಾದರೂ ಮನೆ ಎಷ್ಟು ಚೊಕ್ಕಟ ಅಂತ ನನ್ನನ್ನು ಹೊಗಳಿದವರು ಬೇಕಾದಷ್ಟು ಜನ ಇದ್ದರು. ಆ ಹೊಗಳಿಕೆ ಕೇಳಿ ಕೇಳಿ ಸಾಕಾಗಿತ್ತು.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಮರಿ ಕೊಡಲಿಲ್ಲ ಅಂತ ಅಳ್ತಿದ್ದೀಯಾ ಅಂದಳು.

"ಅಲ್ಲ ಕಣೆ," ಅಂದೆ. "ಆ ಜಮೀನ್ದಾರ್ರಿಗೆ ಬೈದಂಗೆ ನಂಗೂ ಬೈದ್ರಲ್ಲ, ಅದಕ್ಕೆ."

ಅವಳು ಒಂದು ಗೂಟ ಎತ್ತಿ ನೆಟ್ಟಗೆ ಹಿಡಿದುಕೊಂಡು, "ಊಂ, ಹೊಡಿ" ಅಂದಳು.