ಅಜ್ಜನ ಟ್ರಂಕಿನ ಹೆಬ್ಬೆಟ್ಟುಗಳು

ಸಾಂಬ್ರಾಣಿ ಹತ್ತಿರದ ನಮ್ಮ ಹಳ್ಳಿಯಿಂದ, ನಮ್ಮ ಸಿದ್ದಿ ಜನರ ಪೈಕಿ, ತಾಲೂಕು ಬೋರ್ಡಿಗೆ ಮೊದಲು ಆರಿಸಿಬಂದವರು ನನ್ನ ಅಜ್ಜ. ನಾನು ಹುಟ್ಟುವ ಹೊತ್ತಿಗೆ ಅವರು ಇರಲಿಲ್ಲ, ಅವರ ಟ್ರಂಕು ಇತ್ತು. ಅದರಲ್ಲಿ ಭಾಷಣದ ಕರಡುಗಳು, ಸಭೆಯ ನೋಟೀಸುಗಳು, ಚುನಾವಣೆಯ ಕರಪತ್ರ. ಎಲ್ಲಕ್ಕಿಂತ ಹೆಚ್ಚಾಗಿ ಜನರ ಅರ್ಜಿಗಳು. ಅಜ್ಜ ಪ್ರತಿ ಅರ್ಜಿಯನ್ನೂ ಎರಡು ಸಲ ಬರೆಸಿ, ಎರಡಕ್ಕೂ ಹೆಬ್ಬೆಟ್ಟು ಒತ್ತಿಸುತ್ತಿದ್ದರಂತೆ. ಒಂದು ಹಳಿಯಾಳದ ಕಚೇರಿಗೆ, ಇನ್ನೊಂದು ಮನೆಗೆ. ‘ನಿಮ್ಮ ಅರ್ಜಿ ಬಂದೇ ಇಲ್ಲ’ ಎಂದು ಕಚೇರಿಯಲ್ಲಿ ಹೇಳಿದರೆ ತೋರಿಸಲು.

ಅಜ್ಜ ಹೋದ ಮೇಲೆ ಆ ಟ್ರಂಕನ್ನು ಕಾದವಳು ನನ್ನ ಅತ್ತೆ, ಅಪ್ಪನ ಅಕ್ಕ. ಮಳೆಗಾಲ ಕಳೆದೊಡನೆ ಕಾಗದಗಳನ್ನೆಲ್ಲ ಎಳೆಬಿಸಿಲಿಗೆ ಹರವಿ, ಹುಳ ಹಿಡಿಯದಂತೆ ಲಕ್ಕಿ ಸೊಪ್ಪು ಹಾಕಿ ಮತ್ತೆ ಒಳಗಿಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಹೋದ ವರ್ಷ ಧಾರವಾಡದ ಒಂದು ಗ್ರಂಥಾಲಯದಿಂದ ಮೇಡಂ ಒಬ್ಬರು ಬಂದರು. ಮುಂಡಗೋಡದ ಶಾಲೆಯಲ್ಲಿ ಕಲಿಸುವ ನಾನೂ ರಜೆಗೆಂದು ಮನೆಯಲ್ಲೇ ಇದ್ದೆ.

“ಇಲ್ಲೇ ಇದ್ರ ಹಾಳಾಗ್ತಾವ್ರೀ ಅಮ್ಮಾ,” ಎಂದರು ಮೇಡಂ. “ನಮ್ಮಲ್ಲಿ ಜ್ವಾಪಾನ ಇಡ್ತೇವಿ.”

ಅತ್ತೆ ಟ್ರಂಕಿನ ಮುಚ್ಚಳ ಮುಚ್ಚಿದಳು. ಆಮೇಲೆ, “ಕೊಡ್ತೇನ್ರೀ. ಆದ್ರ ಇದರಾಗ ಯಾರ ಹೆಬ್ಬಟ್ಟು ಅದಾವೋ, ಅವರ ಮನಿಯವ್ರಿಗೆ ಮೊದಲ ತೋರಸ್ಬೇಕು. ಅವರು ಹ್ಞೂಂ ಅಂದ ಮ್ಯಾಲ ಒಯ್ರಿ,” ಎಂದಳು.

ಮೇಡಂ ಒಪ್ಪಿದರು. ಮರುದಿನ ಅಂಗಳದಲ್ಲಿ ಜನ ಸೇರಿದರು. ನಾನು ಒಂದೊಂದೇ ಅರ್ಜಿ ತೆಗೆದು ಓದಿದೆ. ಕಟ್ಟಿಗೆ ತರಲು ಹೋದವರನ್ನು ಫಾರೆಸ್ಟ್ ಗಾರ್ಡ್ ತಡೆದದ್ದು, ಶಾಲೆಗೆ ಮಾಸ್ತರರು ಬಾರದ್ದು. ತಮ್ಮ ಮನೆಯ ಹಿರಿಯರ ಹೆಸರು ಬಂದಾಗ ಜನ ಎದ್ದು ಹತ್ತಿರ ಬಂದು ನೋಡುತ್ತಿದ್ದರು. ಮೊದಮೊದಲು ನಗು, ಮಾತು ಇತ್ತು. ಬರಬರುತ್ತ ಎಲ್ಲರೂ ಕಾಗದದ ಸುತ್ತ ಒತ್ತಿ ಕೂತರು.

ಕೇರಿಗೊಂದು ಬಾವಿ ಬೇಕೆಂಬ ಅರ್ಜಿಯ ಕೆಳಗಿನ ಹೆಸರುಗಳನ್ನು ಓದುವಾಗ ನಮ್ಮ ಹಿತ್ತಲಾಚೆಯ ಮನೆಯ ಅಜ್ಜಿ, “ತಡಿ, ಇನ್ನೊಮ್ಮೆ ಓದು,” ಎಂದಳು. ಓದಿದೆ. ಅದು ಅವಳ ಅಪ್ಪನ ಹೆಸರು. ಕಾಡಿನಲ್ಲಿ ದಿಮ್ಮಿ ಎಳೆಯುವ ಕೆಲಸದಲ್ಲಿ ಅವನು ಸತ್ತಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳಂತೆ. ಫೋಟೋ ಇಲ್ಲ, ಅವನನ್ನು ಸುಟ್ಟ ಜಾಗದಲ್ಲಿ ಗುರುತಿಗೊಂದು ಕಲ್ಲೂ ಇಲ್ಲ.

“ಎಲ್ಲೈತಿ ತೋರ್ಸು.”

ನಾನು ತೋರಿಸಿದೆ. ಅಜ್ಜಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಮಾಸಿದ ಆ ನೀಲಿ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟಳು. ಕಾಗದ ಹರಿದೀತೆಂದು ಮೇಡಂ ಮುಂದಕ್ಕೆ ಬಾಗಿದರು. ಮತ್ತೆ ಹಿಂದೆ ಸರಿದರು.

“ದೊಡ್ಡ ಕೈ ಇತ್ತು ಅಂವಂದು,” ಎಂದಳು ಅಜ್ಜಿ.

ಅತ್ತೆಯ ಕಣ್ಣು ತುಂಬಿತು. “ಇದನ್ನ ನೀ ಇಟ್ಗೋ ಅಕ್ಕಾ. ಇದು ನಿಮ್ಮಪ್ಪಂದು.”

ಅಜ್ಜಿ ತಲೆಯಲ್ಲಾಡಿಸಿದಳು. “ನನ್ನ ಮನ್ಯಾಗ ಗೆದ್ದಲ ಬಿಡಂಗಿಲ್ಲವ್ವಾ. ಅಲ್ಲೆ ಉಳಿದೋರ ಜೋಡಿನ ಇರ್ಲಿ. ಎಲ್ಲಾರೂ ಕೂಡೆ ಬಾವಿ ಕೇಳ್ಯಾರ, ಇಂವನೊಬ್ಬನ್ನ ಯಾಕ ಬ್ಯಾರೆ ಮಾಡೋದು? ನನಗೊಂದು ಫೋಟೋ ತಗದು ಕೊಡ್ರಿ, ಸಾಕು.”

ಟ್ರಂಕು ಧಾರವಾಡಕ್ಕೆ ಹೊರಟಾಗ ಅತ್ತೆ ಜೀಪಿನ ಹಿಂದೆ ಕೆರೆ ಏರಿಯವರೆಗೆ ನಡೆದಳು. ಆ ದಿನ ಅವಳು ಊಟ ಮಾಡಲಿಲ್ಲ.

ಅಂದೇ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಆ ಅರ್ಜಿಯ ಫೋಟೋವನ್ನು ನಾನು ಹಳಿಯಾಳದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದುಕೊಟ್ಟೆ. ಅಜ್ಜಿ ಅದನ್ನು ಹಿರಿಯರಿಗೆ ಪೂಜೆ ಮಾಡುವ ಮೂಲೆಯಲ್ಲಿಟ್ಟಳು. ಈ ಸಲದ ಹಿರಿಯರ ಪೂಜೆಗೆ ಅವಳ ಮನೆಗೆ ಹೋಗಿದ್ದೆ. ಅಪ್ಪನ ಹೆಬ್ಬೆಟ್ಟಿಗೆ ಕುಂಕುಮವಿಟ್ಟವಳು ಅಷ್ಟಕ್ಕೇ ನಿಲ್ಲಿಸದೆ, ಅರ್ಜಿಯಲ್ಲಿದ್ದ ಉಳಿದ ಹೆಬ್ಬೆಟ್ಟುಗಳಿಗೂ ಸಾಲಾಗಿ ಇಡುತ್ತ ಹೋದಳು.